ಸೂತ್ರ ಬರೆಯಲು ಹನ್ನೊಂದು ಸೂತ್ರ

ತಾಂಡೂರು 1956ರ ನವೆಂಬರ್ 1ರ ತನಕ ಗುಲಬರ್ಗಾ ಜಿಲ್ಲೆಯ ತಾಲೂಕಾಗಿತ್ತು. ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಊರು ಗಡಿಯಾಚೆ ಹೋಯಿತು, ಮನೆಮಾತು ಇದ್ದಲ್ಲೇ ಉಳಿಯಿತು. ಇಲ್ಲಿನ ಎಷ್ಟೋ ಮಕ್ಕಳಿಗೆ ಅಡುಗೆಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು, ವಿಜ್ಞಾನದ ತಾಸಿನಲ್ಲಿ ಇಂಗ್ಲಿಷ್. ಒಂದೇ ಪುಡಿಗೆ ನಾಲ್ಕು ಹೆಸರು ಕೇಳಿ ಬೆಳೆದ ಮಗುವಿನ ಮುಂದೆ 'ಸಂಯುಕ್ತಗಳ ಹೆಸರು ಮತ್ತು ಅಣುಸೂತ್ರ' ಎಂಬ ಪಾಠ ಬಂದಾಗ ಅದು ಸೀದಾ ಬಾಯಿಪಾಠಕ್ಕೆ ಕೂರುತ್ತದೆ. ಕೂರಬೇಕಾದ ಅಗತ್ಯವೇ ಇಲ್ಲ. ಕಲ್ಲಿನ ಗಣಿ, ಸಿಮೆಂಟು, ಕಬ್ಬು, ಶುಂಠಿ, ತೊಗರಿ ಇರುವ ಸೀಮೆ ಇದು. ಪಠ್ಯದ ಬಹುಪಾಲು ಸಂಯುಕ್ತಗಳು ಸೈಕಲ್ ತುಳಿದರೆ ಸಿಗುವಷ್ಟು ಹತ್ತಿರ ಇವೆ.

ಓದುವ ಮೊದಲು ಒಂದು ಮಾತು. ಸೂತ್ರಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಗೆರೆ ಬಂದಲ್ಲಿ ಹೊಸ ಧಾತು ಶುರು ಎಂದು ತಿಳಿಯಿರಿ. ಪೆನ್ನು ಹಿಡಿದು, ಗೆರೆ ಬಿಟ್ಟು, ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುತ್ತ ಹೋಗಿ. ಓದಿನ ಜೊತೆಗೆ ಅಭ್ಯಾಸವೂ ಮುಗಿಯುತ್ತದೆ.

1. ಕಾಲ ಕೆಳಗಿನ ಕಲ್ಲಿನಿಂದ ಶುರು ಮಾಡಿ

ತಾಂಡೂರಿನ ಫರಸಿ ನೀಲಿ ಇರಲಿ, ಹಳದಿ ಇರಲಿ, ಅದು ಭೀಮಾ ಕೊಳ್ಳದ ಸುಣ್ಣಕಲ್ಲು. ಗಡಿಯ ಈಚೆ ಶಹಾಬಾದಿನಲ್ಲಿ ತೆಗೆಯುವುದೂ ಅದೇ ಬಳಗದ ಕಲ್ಲು. ಅದರ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್: ಸಿಎ-ಸಿ-ಓ₃. ನೆಲದ ಮೇಲೆ ನಿಂಬೆರಸ ಚೆಲ್ಲಿ ಒರೆಸದೆ ಬಿಟ್ಟರೆ ಅಷ್ಟು ಜಾಗದ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ. ಬಚ್ಚಲು ತೊಳೆಯುವ ಆಸಿಡ್ ಬಿದ್ದರಂತೂ ಸುಂಯ್ ಎಂದು ನೊರೆ ಏಳುತ್ತದೆ. ಆ ನೊರೆಯೊಳಗಿನ ಅನಿಲ ಇಂಗಾಲದ ಡೈಆಕ್ಸೈಡ್, ಸಿ-ಓ₂. ಕಲ್ಲಿನ ಸೂತ್ರದಲ್ಲಿದ್ದ ಸಿ, ಓ ಎರಡೂ ಅಲ್ಲಿಂದ ಎದ್ದು ಹೊರಟಿವೆ.

ಅದೇ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿಗೆ ಸುಟ್ಟರೆ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್: ಸಿಎ-ಓ. ನೀರು ಹೊಯ್ದರೆ ಕುದಿದು ಅರಳಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್: ಸಿಎ(ಓ-ಎಚ್)₂. ಗೋಡೆಗೆ ಬಳಿದರೆ ಗಾಳಿಯ ಸಿ-ಓ₂ ಹೀರಿ ಮತ್ತೆ ಸಿಎ-ಸಿ-ಓ₃. ಒಂದು ಕಲ್ಲಿನ ಹಿಂದೆ ಹೋದರೆ ನಾಲ್ಕು ಸೂತ್ರ ಕೈಗೆ ಬಂದವು.

ಇನ್ನು ತೂಕ. ಕ್ಯಾಲ್ಸಿಯಂ 40, ಇಂಗಾಲ 12, ಆಮ್ಲಜನಕ 16. ಕೂಡಿಸಿದರೆ ಕಲ್ಲಿಗೆ 100, ಸುಟ್ಟ ಸುಣ್ಣಕ್ಕೆ 56, ಹಾರಿಹೋದ ಅನಿಲಕ್ಕೆ 44. ನೂರು ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ ಸಿಗುವುದು 56 ಕಿಲೋ ಸುಣ್ಣ. ಭಟ್ಟಿ ಇಟ್ಟವರಿಗೆ ಈ ನಷ್ಟ ಅನುಭವದಿಂದ ಗೊತ್ತು. ಸೂತ್ರ ಬಲ್ಲವರಿಗೆ ಭಟ್ಟಿ ಹೊತ್ತಿಸುವ ಮೊದಲೇ ಗೊತ್ತು.

2. ದೊಡ್ಡಕ್ಷರ, ಚಿಕ್ಕಕ್ಷರದಲ್ಲಿ ಹಟ ಹಿಡಿಯಿರಿ

ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ತೆಲುಗಿನಲ್ಲಿಲ್ಲ, ಉರ್ದುವಿನಲ್ಲೂ ಇಲ್ಲ. ಮೂರು ಲಿಪಿಗಳ ನಡುವೆ ಬೆಳೆದ ಕೈ ಎಲ್ಲ ಅಕ್ಷರಗಳನ್ನೂ ಒಂದೇ ಅಳತೆಗೆ ಬರೆಯುತ್ತದೆ, ಅಂಕ ಹೋಗುವುದು ಅಲ್ಲೇ. ದೊಡ್ಡ ಸಿ, ಚಿಕ್ಕ ಓ ಬರೆದರೆ ಕೋಬಾಲ್ಟ್ ಎಂಬ ಲೋಹ. ಎರಡನ್ನೂ ದೊಡ್ಡದಾಗಿ ಬರೆದರೆ ಮುಚ್ಚಿದ ಕೋಣೆಯ ಇದ್ದಿಲು ಒಲೆಯಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್. ಸಂಕೇತದ ಮೊದಲ ಅಕ್ಷರ ದೊಡ್ಡದು, ಎರಡನೆಯದಿದ್ದರೆ ಅದು ಚಿಕ್ಕದು. ಪರಮಾಣುಗಳ ಎಣಿಕೆ ಅಕ್ಷರದ ಪಾದದ ಬಳಿ, ವಿದ್ಯುದಾವೇಶ ತಲೆಯ ಬಳಿ. ಒಂದು ವಾರ ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲೇ ಸೂತ್ರ ಬರೆಯಿರಿ. ಸಣ್ಣ ಮಕ್ಕಳ ಪುಸ್ತಕ ಎಂದು ಯಾರಾದರೂ ನಕ್ಕರೆ ನಗಲಿ.

3. ಹೆಸರಿಗೆ ಹೊಂದದ ಸಂಕೇತಗಳನ್ನು ಒಂದೇ ಸಂಜೆಯಲ್ಲಿ ಮುಗಿಸಿ

ಧಾತುಗಳಿಗೆ ಅಕ್ಷರ ಸಂಕೇತ ಕೊಟ್ಟವನು ಸ್ವೀಡನ್ನಿನ ಬರ್ಜೀಲಿಯಸ್, 1813-14ರ ಹೊತ್ತಿಗೆ. ಅವನು ಲ್ಯಾಟಿನ್ ಹೆಸರು ಹಿಡಿದ. ಹಾಗಾಗಿ ಸೋಡಿಯಂ ಎನ್‌ಎ, ಪೊಟ್ಯಾಸಿಯಂ ಕೆ, ಕಬ್ಬಿಣ ಎಫ್‌ಇ, ತಾಮ್ರ ಸಿಯು, ಬೆಳ್ಳಿ ಎಜಿ, ಚಿನ್ನ ಎಯು, ಸೀಸ ಪಿಬಿ, ತವರ ಎಸ್‌ಎನ್, ಪಾದರಸ ಎಚ್‌ಜಿ. ಶಾಲೆಯ ಮಟ್ಟಕ್ಕೆ ಈ ಒಂಬತ್ತು ಸಾಕು. ಇದಕ್ಕೆ ಉಪಾಯವಿಲ್ಲ, ಬಾಯಿಪಾಠವೇ.

4. ಸೂತ್ರ ಬಾಯಿಪಾಠ ಬೇಡ, ಅಯಾನುಗಳು ಬೇಕು

ಇನ್ನೂರು ಸೂತ್ರಗಳ ಪಟ್ಟಿ ಕೊಟ್ಟು ಉರು ಹೊಡೆಸುವ ಟ್ಯೂಷನ್‌ಗಳ ಬಗ್ಗೆ ನನಗೆ ಕಿಂಚಿತ್ತೂ ಗೌರವವಿಲ್ಲ. ಇಪ್ಪತ್ತು-ಇಪ್ಪತ್ತೈದು ಅಯಾನುಗಳು ಗೊತ್ತಿದ್ದರೆ ಆ ಪಟ್ಟಿಯ ಮುಕ್ಕಾಲು ಪಾಲನ್ನು ನೀವೇ ಬರೆಯುತ್ತೀರಿ.

ಧನ ಬದಿ: ಸೋಡಿಯಂ, ಪೊಟ್ಯಾಸಿಯಂ, ಬೆಳ್ಳಿ, ಅಮೋನಿಯಂ, ಇವು ಒಂದರವು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು, ಬೇರಿಯಂ ಎರಡರವು. ಅಲ್ಯೂಮಿನಿಯಂ ಮೂರು. ಕಬ್ಬಿಣ, ತಾಮ್ರ, ಸೀಸ, ತವರಗಳಿಗೆ ಎರಡೆರಡು ಮುಖ, ಅವು 7ರಲ್ಲಿ ಬರುತ್ತವೆ.

ಋಣ ಬದಿ: ಕ್ಲೋರೈಡ್, ಹೈಡ್ರಾಕ್ಸೈಡ್, ನೈಟ್ರೇಟ್, ಬೈಕಾರ್ಬೊನೇಟ್ ಒಂದು. ಆಕ್ಸೈಡ್, ಸಲ್ಫೈಡ್, ಸಲ್ಫೈಟ್, ಸಲ್ಫೇಟ್, ಕಾರ್ಬೊನೇಟ್ ಎರಡು. ಫಾಸ್ಫೇಟ್ ಮೂರು.

ಅಮೋನಿಯಂ, ನೈಟ್ರೇಟ್, ಸಲ್ಫೇಟ್ ಮುಂತಾದವು ಹಲವು ಪರಮಾಣುಗಳ ಗುಂಪು. ಈ ಪಾಠದಲ್ಲಿ ಗುಂಪನ್ನು ಒಡೆಯಬೇಡಿ, ಇಡೀ ಗುಂಪು ಒಂದೇ ಆಳು ಎಂದು ಲೆಕ್ಕ ಹಿಡಿಯಿರಿ.

5. ಜಮಾ-ಖರ್ಚು ಸೊನ್ನೆಗೆ ಬರಲಿ

ಸೂತ್ರ ಬರೆಯುವುದೆಂದರೆ ಕಿರಾಣಿ ಅಂಗಡಿಯ ಖಾತೆ ಚುಕ್ತಾ ಮಾಡಿದ ಹಾಗೆ, ಬಾಕಿ ಉಳಿಯಬಾರದು. ಅಲ್ಯೂಮಿನಿಯಂ ಧನ ಮೂರು, ಆಕ್ಸೈಡ್ ಋಣ ಎರಡು. ಆರಕ್ಕೆ ಇಬ್ಬರೂ ಸಮ. ಹಾಗಾಗಿ ಎಎಲ್₂-ಓ₃. ಅಂಕಿಗಳನ್ನು ಅಡ್ಡ ಬದಲಿಸುವ ಅಡ್ಡದಾರಿಯೂ ಇದನ್ನೇ ಮಾಡುತ್ತದೆ. ಆದರೆ ಏಕೆ ಬದಲಿಸುತ್ತೇವೆ ಎಂದು ಗೊತ್ತಿಲ್ಲದವರು ಮೆಗ್ನೀಸಿಯಂ ಆಕ್ಸೈಡಿಗೆ ಎಂಜಿ₂-ಓ₂ ಎಂದು ಬರೆದು ಅಲ್ಲೇ ನಿಲ್ಲುತ್ತಾರೆ. ಅಯಾನಿಕ ಸಂಯುಕ್ತವಾದರೆ ಸಣ್ಣ ಅನುಪಾತಕ್ಕೆ ಇಳಿಸಬೇಕು: ಎಂಜಿ-ಓ.

ಎಲ್ಲವನ್ನೂ ಇಳಿಸಲು ಹೋಗಬೇಡಿ. ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಎಚ್₂-ಓ₂, ಅದನ್ನು ಎಚ್-ಓ ಮಾಡಿದರೆ ಅರ್ಥವಿಲ್ಲ. ಗ್ಲೂಕೋಸ್ ಸಿ₆-ಎಚ್₁₂-ಓ₆, ಆರರಿಂದ ಭಾಗಿಸಿದರೆ ಅದು ಫಾರ್ಮಾಲ್ಡಿಹೈಡ್ ಆಗಿಬಿಡುತ್ತದೆ. ಶವ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದಲ್ಲಿರುವ ಪದಾರ್ಥ ಅದು!

ಗುಂಪು ಎರಡು ಅಥವಾ ಹೆಚ್ಚು ಸಲ ಬಂದಾಗ ಆವರಣ ಕಡ್ಡಾಯ. ಎಲುಬಿನ ಪಾಠದಲ್ಲಿ ಬರುವ ಕ್ಯಾಲ್ಸಿಯಂ ಫಾಸ್ಫೇಟ್ ಸಿಎ₃(ಪಿ-ಓ₄)₂. ಆಮ್ಲಜನಕದ ಪರಮಾಣು ಎಷ್ಟು? ಎಂಟು. ಒಂದೇ ಸಲ ಬಂದರೆ ಆವರಣ ಬೇಡ, ಅಡುಗೆ ಸೋಡಾ ಎನ್‌ಎ-ಎಚ್-ಸಿ-ಓ₃ ಅಷ್ಟೇ.

6. ಐಡ್, ಐಟ್, ಏಟ್: ಕಬ್ಬಿನ ಕಾರ್ಖಾನೆಯಲ್ಲಿ ಕಲಿಯಿರಿ

1787ರಲ್ಲಿ ಪ್ಯಾರಿಸ್ಸಿನಲ್ಲಿ ಗಿಟೋನ್ ದ ಮೊರ್ವೊ, ಲವಾಜಿಯೆ ಮತ್ತು ಸಂಗಡಿಗರು ಹೆಸರುಗಳಿಗೆ ಒಂದು ಶಿಸ್ತು ತಂದರು. ಬಾಲ ನೋಡಿ ಜಾತಿ ಹೇಳುವ ಪದ್ಧತಿ ಅಲ್ಲಿಂದ ಬಂತು. ಸಲ್ಫೈಡ್ ಎಂದರೆ ಗಂಧಕ ಒಂದೇ, ಆಮ್ಲಜನಕವಿಲ್ಲ. ಸಲ್ಫೈಟ್ ಎಂದರೆ ಎಸ್-ಓ₃. ಸಲ್ಫೇಟ್ ಎಂದರೆ ಎಸ್-ಓ₄. ಮೂರಕ್ಕೂ ಆವೇಶ ಋಣ ಎರಡೇ.

ಜಹೀರಾಬಾದ್ ಕಡೆಯ ಕಬ್ಬು ಎಲ್ಲಿ ಸಕ್ಕರೆಯಾಗುತ್ತದೋ ಅಲ್ಲಿಗೆ ಮನಸ್ಸಿನಲ್ಲೇ ಹೋಗಿ. ನಮ್ಮ ದೇಶದ ಬಹಳಷ್ಟು ಸಕ್ಕರೆ ಕಾರ್ಖಾನೆಗಳು ಕಬ್ಬಿನ ರಸಕ್ಕೆ ಸುಣ್ಣದ ಹಾಲು ಹಾಕುತ್ತವೆ, ಗಂಧಕ ಸುಟ್ಟು ಬಂದ ಹೊಗೆಯನ್ನು ಅದರೊಳಗೆ ಹಾಯಿಸುತ್ತವೆ. ಹೊಗೆ ಎಂದರೆ ಸಲ್ಫರ್ ಡೈಆಕ್ಸೈಡ್, ಎಸ್-ಓ₂. ಸುಣ್ಣ ಮತ್ತು ಹೊಗೆ ಕೂಡಿ ಕ್ಯಾಲ್ಸಿಯಂ ಸಲ್ಫೈಟ್, ಸಿಎ-ಎಸ್-ಓ₃, ಗಸಿಯಾಗಿ ಇಳಿಯುತ್ತದೆ, ರಸದ ಕೊಳೆಯನ್ನೂ ಜೊತೆಗೆ ಎಳೆದೊಯ್ಯುತ್ತದೆ. ಈಗ ತಾಂಡೂರಿನ ಸಿಮೆಂಟು ಕಾರ್ಖಾನೆಗೆ ಬನ್ನಿ. ಗೂಡಿನಲ್ಲಿ ಸುಟ್ಟು ಬಂದ ಉಂಡೆಗಳನ್ನು, ಅಂದರೆ ಕ್ಲಿಂಕರ್ ಅನ್ನು, ಅರೆಯುವಾಗ ಸಿಮೆಂಟು ಬೇಗ ಗಟ್ಟಿಯಾಗದಿರಲಿ ಎಂದು ಜಿಪ್ಸಂ ಸೇರಿಸುತ್ತಾರೆ. ಅದು ಕ್ಯಾಲ್ಸಿಯಂ ಸಲ್ಫೇಟ್, ಜೊತೆಗೆ ಎರಡು ನೀರು: ಸಿಎ-ಎಸ್-ಓ₄·2ಎಚ್₂-ಓ. ಸಲ್ಫೈಟಿಗೂ ಸಲ್ಫೇಟಿಗೂ ನಡುವೆ ಇರುವುದು ಒಂದು ಆಮ್ಲಜನಕ. ಒಂದು ಸಕ್ಕರೆ ಬೆಳ್ಳಗೆ ಮಾಡುವ ಕೆಲಸದ್ದು, ಇನ್ನೊಂದು ಸಿಮೆಂಟಿನದು.

'ಏಟ್' ಎಂದರೆ ನಾಲ್ಕೇ ಆಮ್ಲಜನಕ ಎಂದುಕೊಳ್ಳಬೇಡಿ. ನೈಟ್ರೇಟ್ ಎನ್-ಓ₃, ನೈಟ್ರೈಟ್ ಎನ್-ಓ₂. 'ಏಟ್'ಗಿಂತ 'ಐಟ್'ಗೆ ಒಂದು ಕಡಿಮೆ, ಅಷ್ಟೇ ನಿಯಮ. ಕ್ಲೋರಿನ್ ಕುಟುಂಬದಲ್ಲಿ ನಾಲ್ಕು ಮೆಟ್ಟಿಲು: ಹೈಪೋಕ್ಲೋರೈಟ್, ಕ್ಲೋರೈಟ್, ಕ್ಲೋರೇಟ್, ಪರ್‌ಕ್ಲೋರೇಟ್. ಆಮ್ಲಜನಕ ಒಂದು, ಎರಡು, ಮೂರು, ನಾಲ್ಕು. ಊರ ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿಯ ಕಸುವು ಇರುವುದು ಮೊದಲ ಮೆಟ್ಟಿಲಿನಲ್ಲಿ.

7. ಎರಡು ಮುಖದ ಲೋಹಕ್ಕೆ ಮುಖ ಯಾವುದೆಂದು ಹೇಳಿ

ಜಹೀರಾಬಾದ್ ಶುಂಠಿಗೆ ಹೆಸರಾದ ಸೀಮೆ. ಗಡ್ಡೆ ಕೊಳೆ ರೋಗ ಬಂದರೆ ಬುಡಕ್ಕೆ ಹೊಯ್ಯುವ ಹಳೆಯ ಮದ್ದು ಬೋರ್ಡೋ ದ್ರಾವಣ. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತ ಎಂದರೆ ಹರಳುಗಟ್ಟಿದ ಕಾಪರ್ ಸಲ್ಫೇಟ್: ಸಿಯು-ಎಸ್-ಓ₄·5ಎಚ್₂-ಓ. ಆ ಐದು ನೀರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ಕೊಂಡ ಒಂದು ಕಿಲೋ ನೀಲಿ ಹರಳಿನಲ್ಲಿ ಸುಮಾರು 360 ಗ್ರಾಂ ನೀರೇ ಇದೆ, ತಾಮ್ರ ಇರುವುದು 254 ಗ್ರಾಂ. ಕಾಯಿಸಿದರೆ ನೀರು ಹೋಗಿ ಹರಳು ಬೆಳ್ಳಗಾಗುತ್ತದೆ. ನೀಲಿ ಬಣ್ಣಕ್ಕೂ ಆ ನೀರೇ ಕಾರಣ.

ಬೋರ್ಡೋ ಕಲಸುವವರು ಕಬ್ಬಿಣದ ಬಕೆಟ್ ಮುಟ್ಟುವುದಿಲ್ಲ, ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಕಲಸಿದ ಮೇಲೆ ಹೊಳೆಯುವ ಕುಡುಗೋಲಿನ ತುದಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ, ಸುಣ್ಣದ ಹಾಲು ಇನ್ನಷ್ಟು ಬೇಕು. ಆಗುವುದೇನು? ಕಬ್ಬಿಣ ದ್ರಾವಣಕ್ಕೆ ಇಳಿಯುತ್ತದೆ, ತಾಮ್ರ ಹೊರಗೆ ಬಂದು ಅಲಗಿಗೆ ಅಂಟುತ್ತದೆ. ಹೀಗೆ ಇಳಿದ ಕಬ್ಬಿಣ ಎರಡರ ಕಬ್ಬಿಣ: ಎಫ್‌ಇ-ಎಸ್-ಓ₄, ಹಳೆಯ ಹೆಸರಿನಲ್ಲಿ ಫೆರಸ್ ಸಲ್ಫೇಟ್. ಅದೇ ಜಹೀರಾಬಾದ್-ಬೀದರ್ ಕಡೆಯ ಜಂಬಿಟ್ಟಿಗೆ ಕಲ್ಲಿನ ಕೆಂಪು ಬಣ್ಣ ಮೂರರ ಕಬ್ಬಿಣದ್ದು: ಎಫ್‌ಇ₂-ಓ₃, ಫೆರಿಕ್ ಆಕ್ಸೈಡ್.

'ಕಬ್ಬಿಣದ ಆಕ್ಸೈಡ್' ಎಂದಷ್ಟೇ ಬರೆದರೆ ಯಾವ ಕಬ್ಬಿಣ ಎಂದು ಮೌಲ್ಯಮಾಪಕರು ಕೇಳುತ್ತಾರೆ, ಕೇಳಬೇಕು. ಜರ್ಮನಿಯ ಆಲ್ಫ್ರೆಡ್ ಸ್ಟಾಕ್ 1919ರಲ್ಲಿ ಸೂಚಿಸಿದ ದಾರಿ ಇಂದಿಗೂ ನಡೆಯುತ್ತಿದೆ: ಲೋಹದ ಹೆಸರಿಗೆ ತಾಗಿಸಿ ಆವರಣದಲ್ಲಿ ರೋಮನ್ ಅಂಕಿ. ಐರನ್ ಎರಡು ಸಲ್ಫೇಟ್, ಐರನ್ ಮೂರು ಆಕ್ಸೈಡ್. ಆ ಅಂಕಿ ಆವೇಶದ್ದು, ಪರಮಾಣುಗಳ ಎಣಿಕೆಯದಲ್ಲ. ಈ ಗೊಂದಲಕ್ಕೆ ಬೀಳದವರು ಕಡಿಮೆ. ಸೋಡಿಯಂ, ಕ್ಯಾಲ್ಸಿಯಂ, ಸತುವಿಗೆ ಒಂದೇ ಮುಖ. ಅವಕ್ಕೆ ರೋಮನ್ ಅಂಕಿ ಹಚ್ಚಬೇಡಿ.

8. ಲೋಹವಿಲ್ಲದಲ್ಲಿ ಎಣಿಸಿ ಹೇಳಿ

ಅಲೋಹ-ಅಲೋಹ ಕೂಡಿದರೆ ಮಾನೋ, ಡೈ, ಟ್ರೈ, ಟೆಟ್ರಾ, ಪೆಂಟಾ. ಸಿ-ಓ ಕಾರ್ಬನ್ ಮಾನಾಕ್ಸೈಡ್, ಎಸ್-ಓ₃ ಸಲ್ಫರ್ ಟ್ರೈಆಕ್ಸೈಡ್. ಲೋಹವಿರುವಲ್ಲಿ ಇದು ಬೇಡ. ಸಿಎ-ಸಿಎಲ್₂ ಕ್ಯಾಲ್ಸಿಯಂ ಕ್ಲೋರೈಡ್, 'ಡೈಕ್ಲೋರೈಡ್' ಅಲ್ಲ. ಸಕ್ಕರೆಗೆ, ಸಿ₁₂-ಎಚ್₂₂-ಓ₁₁, ಈ ಎರಡೂ ದಾರಿ ನಡೆಯುವುದಿಲ್ಲ. ಅದು ಸಾವಯವ ರಸಾಯನದ ಮನೆ, ಅಲ್ಲಿನ ನಿಯಮಗಳೇ ಬೇರೆ.

9. ಗೊಬ್ಬರದ ಚೀಲ ಓದಿ

ಇದನ್ನು ಮಕ್ಕಳಿಗಿಂತ ಮೊದಲು ಅಪ್ಪಂದಿರು ಓದಬೇಕು. ಯೂರಿಯಾ ಎಂದರೆ ಸಿ-ಓ(ಎನ್-ಎಚ್₂)₂. ಒಟ್ಟು ತೂಕ 60, ಅದರಲ್ಲಿ ಸಾರಜನಕ 28. ಶೇಕಡ 46ರ ಲೆಕ್ಕ ಬಂದದ್ದು ಇಲ್ಲಿಂದ. 45 ಕಿಲೋ ಚೀಲದಲ್ಲಿ 20.7 ಕಿಲೋ ಸಾರಜನಕ.

ತೊಗರಿಗೆ ಬಿತ್ತುವಾಗ ಹಾಕುವ ಡಿಎಪಿ ಚೀಲದ ಮೇಲೆ 18-46-0 ಎಂದಿರುತ್ತದೆ. (ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಬೇಳೆಗೆ ಹೆಸರು ತಂದದ್ದು ನೆಲ ಮತ್ತು ರೈತ, ಚೀಲ ಅಲ್ಲ.) ಡಿಎಪಿ ಎಂದರೆ ಡೈಅಮೋನಿಯಂ ಫಾಸ್ಫೇಟ್, (ಎನ್-ಎಚ್₄)₂-ಎಚ್-ಪಿ-ಓ₄. 46 ಎಂದರೆ ಶೇಕಡ 46 ರಂಜಕ ಎಂದು ಅನೇಕರು ತಿಳಿದಿದ್ದಾರೆ. ಅಲ್ಲ, ಅದು ಪಿ₂-ಓ₅ ರೂಪದಲ್ಲಿ ಹಾಕಿದ ಲೆಕ್ಕ. ಚೀಲದೊಳಗೆ ಪಿ₂-ಓ₅ ಒಂದು ಚಿಟಿಕೆಯೂ ಇರುವುದಿಲ್ಲ, ಹಳೆಯ ಕಾಲದ ವಿಶ್ಲೇಷಣೆಯ ರೂಢಿ ಹಾಗೇ ಉಳಿದುಬಂದಿದೆ. 50 ಕಿಲೋ ಚೀಲದಲ್ಲಿ ಲೆಕ್ಕದ ಪಿ₂-ಓ₅ 23 ಕಿಲೋ, ನಿಜವಾದ ರಂಜಕ ಸುಮಾರು 10 ಕಿಲೋ. ಪೊಟ್ಯಾಶ್ ಇನ್ನೂ ತಮಾಷೆ. ಚೀಲದ ಮೇಲೆ ಕೆ₂-ಓ ಶೇಕಡ 60 ಎಂದಿರುತ್ತದೆ, ಒಳಗಿರುವುದು ಕೆ-ಸಿಎಲ್. ಅದರಲ್ಲಿ ಆಮ್ಲಜನಕವೇ ಇಲ್ಲ!

ತೆಲುಗು ಚೀಲದ ನತ್ರಜನಿ, ಭಾಸ್ವರಂ ಎಂದರೆ ನಮ್ಮ ಸಾರಜನಕ, ರಂಜಕ. ಹೆಸರು ಬದಲಾದರೂ ಎನ್, ಪಿ, ಕೆ ಬದಲಾಗುವುದಿಲ್ಲ. ಗಡಿಯ ಮಗು ಮೊದಲು ಸಂಕೇತ ಹಿಡಿಯಲಿ, ಹೆಸರು ಆಮೇಲೆ ಯಾವ ಭಾಷೆಯಲ್ಲಾದರೂ ಬರಲಿ ಎಂದು ನಾನು ಹೇಳುವುದು ಇದಕ್ಕೇ.

10. ವ್ಯಾಪಾರದ ಹೆಸರು ನಂಬಬೇಡಿ

ಮೇಲಿನ ಕೆ-ಸಿಎಲ್‌ಗೆ ಅಂಗಡಿಯ ಹೆಸರು 'ಮ್ಯೂರಿಯೇಟ್ ಆಫ್ ಪೊಟ್ಯಾಶ್'. ಬಾಲ 'ಏಟ್', ಆದರೆ ಆರನೇ ನಿಯಮ ಇಲ್ಲಿ ನಡೆಯುವುದಿಲ್ಲ. ಮ್ಯೂರಿಯೇಟ್ ಎಂಬುದು ಕ್ಲೋರೈಡಿನ ಹಳೆಯ ಹೆಸರು, ಇನ್ನೂ ಚಾಲ್ತಿಯಲ್ಲಿದೆ. ಬೆಲ್ಲ ಬೆಳ್ಳಗೆ ಕಾಣಲಿ ಎಂದು ಕೆಲವು ಗಾಣಗಳಲ್ಲಿ ಸುರಿಯುವ 'ಹೈಡ್ರೋಸ್' ಅಥವಾ ಸೋಡಿಯಂ ಹೈಡ್ರೋಸಲ್ಫೈಟ್ ಇನ್ನೊಂದು ಬಲೆ. ಹೆಸರು ಕೇಳಿ ಅದರಲ್ಲಿ ಹೈಡ್ರೋಜನ್ ಇದೆ ಎನ್ನುವಿರಿ. ಇಲ್ಲ. ಅದು ಎನ್‌ಎ₂-ಎಸ್₂-ಓ₄, ಸರಿಯಾದ ಹೆಸರು ಸೋಡಿಯಂ ಡೈಥಯೊನೈಟ್. ಕಂದು ಬೆಲ್ಲ ಕೊಳ್ಳಿ, ಈ ಹೆಸರಿನ ಗೋಜೇ ಬೇಡ.

ಎಲ್ಲಕ್ಕಿಂತ ಮೋಜಿನದು ಸಿಮೆಂಟು ಪ್ರಯೋಗಾಲಯದ ಭಾಷೆ. ತಾಂಡೂರಿನಲ್ಲಾಗಲಿ, ಸೇಡಂನಲ್ಲಾಗಲಿ, ಅಲ್ಲಿ ಕೆಲಸ ಮಾಡುವ ಅಣ್ಣನೋ ಮಾವನೋ 'ಸಿ₃-ಎಸ್ ಎಷ್ಟಿದೆ' ಎಂದು ಮಾತಾಡಿದ್ದು ಕೇಳಿದರೆ ಅದು ಇಂಗಾಲ, ಗಂಧಕ ಎಂದು ತಿಳಿಯಬೇಡಿ. ಸಿಮೆಂಟಿನವರ ಸಿ ಎಂದರೆ ಸಿಎ-ಓ, ಎಸ್ ಎಂದರೆ ಎಸ್‌ಐ-ಓ₂, ಎ ಎಂದರೆ ಎಎಲ್₂-ಓ₃, ಎಫ್ ಎಂದರೆ ಎಫ್‌ಇ₂-ಓ₃. ಉದ್ದ ಸೂತ್ರ ಬರೆದು ಬೇಸತ್ತು ಮಾಡಿಕೊಂಡ ಚುಟುಕು ಲಿಪಿ. ಹಾಗಾಗಿ ಸಿ₃-ಎಸ್ ಎಂದರೆ ಟ್ರೈಕ್ಯಾಲ್ಸಿಯಂ ಸಿಲಿಕೇಟ್, ಸುಮಾರು 1450 ಡಿಗ್ರಿಯ ಗೂಡಿನಲ್ಲಿ ಹುಟ್ಟುವ, ಸಿಮೆಂಟಿಗೆ ಮೊದಲ ದಿನಗಳ ಬಲ ಕೊಡುವ ಸಂಯುಕ್ತ. ಬಿಡಿಸಿ ಬರೆದರೆ ಸಿಎ₃-ಎಸ್‌ಐ-ಓ₅. ಪರೀಕ್ಷೆಯಲ್ಲಿ ಮಾವನ ಲಿಪಿ ಬೇಡ.

11. ಸೂತ್ರವಿಲ್ಲದ್ದಕ್ಕೆ ಸೂತ್ರ ಹುಡುಕಬೇಡಿ

ಸಂಯುಕ್ತಕ್ಕೆ ಸೂತ್ರ ಉಂಟು, ಮಿಶ್ರಣಕ್ಕೆ ಇಲ್ಲ. ಜಂಬಿಟ್ಟಿಗೆಗೆ ಇಲ್ಲ, ಬೆಲ್ಲಕ್ಕೆ ಇಲ್ಲ, ಸಿಮೆಂಟಿಗೂ ಇಲ್ಲ, ಅವುಗಳೊಳಗಿನ ಒಂದೊಂದು ಘಟಕಕ್ಕೆ ಮಾತ್ರ ಇದೆ. ಹಿತ್ತಾಳೆಯ ಸೂತ್ರ ಕೇಳಿದ ಪ್ರಶ್ನೆ ಬಂದರೆ ಅದು ನಿಮ್ಮನ್ನು ಬೀಳಿಸಲು ಇಟ್ಟ ಪ್ರಶ್ನೆ. ಜಹೀರಾಬಾದಿನ ನೆರೆಯ ಬೀದರಿನ ಬಿದರಿ ಪಾತ್ರೆಯೂ ಹಾಗೇ: ಬಹುಪಾಲು ಸತು, ಸ್ವಲ್ಪ ತಾಮ್ರ, ಮೇಲೆ ಬೆಳ್ಳಿಯ ಕುಂದಣ. ಪಾಲು ಹೇಳಬಹುದು, ಸೂತ್ರ ಬರೆಯಲಾಗದು. ಅದನ್ನು ಕಪ್ಪಾಗಿಸಲು ಕೋಟೆಯ ಮಣ್ಣಿನ ಜೊತೆ ಕಲಸುವ ನವಸಾಗರಕ್ಕೆ ಮಾತ್ರ ಸೂತ್ರ ಇದೆ. ಹೆಸರು ಅಮೋನಿಯಂ ಕ್ಲೋರೈಡ್. ನಾಲ್ಕನೇ ನಿಯಮದ ಪಟ್ಟಿ ತೆಗೆದು ಅದನ್ನು ನೀವೇ ಬರೆಯಿರಿ.